ಮಡಿಕೇರಿಯ ಮಳೆಗಾಲದಲ್ಲಿ ಟಿಎನ್‌ಎಫ್ ತಯಾರಿಸಿದ್ದು

ಟಿಎನ್‌ಎಫ್‌ನಂಥ ಮನುಷ್ಯನ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸುವುದು ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಎಂಎಸ್ಸಿ ಮಕ್ಕಳ ಪ್ರಾಜೆಕ್ಟ್ ಕೆಲಸ. ಅದನ್ನೇ ನಾನು ಮಡಿಕೇರಿಯಲ್ಲಿ ಮಾಡಿ ಮುಗಿಸಿದ್ದೇನೆ. ನಮ್ಮ ಲ್ಯಾಬಿನಲ್ಲಿ ಐಸ್ ಮೆಷಿನ್ ಇಲ್ಲ, ಮೈನಸ್ 80 ಫ್ರೀಜರ್ ಇಲ್ಲ, ಜುಲೈಯಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೊನ್ನೆ ಕೊನೆಯ ಪರೀಕ್ಷೆಯ ಅಂಕಿ ಕೈಗೆ ಬಂತು. ಸಣ್ಣ ಊರಿನ ಕಾಲೇಜಿನಲ್ಲಿ ಕೂತು ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಎಲ್ಲೆಲ್ಲಿ ಕಾಯಬೇಕಾಗುತ್ತದೆ, ಯಾವ ಕಾಗದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ನನ್ನ ಪಿಎಚ್‌ಡಿ ವಿಷಯ ಮದ್ದು ಸೊಪ್ಪು. ಕಕ್ಕಡ ತಿಂಗಳ ಹದಿನೆಂಟನೇ ದಿನ ನಮ್ಮ ಕಡೆ ಅದರ ರಸದಲ್ಲಿ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗಾದರೆ ಮದ್ದು ಮೈಗೆ ಹತ್ತಿತು ಅಂತ ಅಜ್ಜಿಯಂದಿರ ಲೆಕ್ಕ. ಜಸ್ಟೀಶಿಯಾ ವೈನಾಡೆನ್ಸಿಸ್ ಅನ್ನುವ ಈ ಗಿಡಕ್ಕೆ ಉರಿಯೂತ ತಗ್ಗಿಸುವ ಗುಣ ಇದೆಯೇ ಅಂತ ಜೀವಕೋಶಗಳ ಮೇಲೆ ನೋಡಬೇಕಿತ್ತು. ನೋಡಬೇಕಾದರೆ ಮೊದಲು ಕೋಶಗಳಲ್ಲಿ ಉರಿಯೂತ ಎಬ್ಬಿಸಬೇಕು. ಆ ಕೆಲಸ ಮಾಡುವುದು ಟಿಎನ್‌ಎಫ್ ಆಲ್ಫಾ ಅನ್ನುವ ಪ್ರೋಟೀನ್. ನಮ್ಮ ದೇಹದ ರಕ್ಷಣಾ ಕೋಶಗಳೇ ಇದನ್ನು ಸ್ರವಿಸುತ್ತವೆ. ಪ್ರಯೋಗಕ್ಕೆ ಬೇಕಾದದ್ದನ್ನು ಮಾತ್ರ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನ್ ಇಟ್ಟು ಮಾಡಿಸಿಕೊಳ್ಳುತ್ತಾರೆ.

ಮೊದಲು ಕೊಂಡುಬಿಡೋಣ ಅಂತಲೇ ಇದ್ದೆವು. ಮೈಸೂರಿನ ಡೀಲರ್ ಕಳಿಸಿದ ಕೊಟೇಶನ್ನಿನಲ್ಲಿ 10 ಮೈಕ್ರೋಗ್ರಾಂ ಪುಡಿಗೆ ಐದಂಕಿ ಬೆಲೆ. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಟ್ಯೂಬಿನ ತಳದಲ್ಲಿ ಏನಿದೆ ಅಂತ ಕಣ್ಣಿಗೇ ಕಾಣುವುದಿಲ್ಲ. ಬೆಲೆ ನೋಡಿ ಗಾಬರಿಯಾಗುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಕೋಶಗಳಿಗೆ ಸಾಮಾನ್ಯವಾಗಿ ಹಾಕುವುದು ಪ್ರತಿ ಎಂಎಲ್‌ಗೆ 10 ನ್ಯಾನೋಗ್ರಾಂ. ಆ ಲೆಕ್ಕದಲ್ಲಿ 10 ಮೈಕ್ರೋಗ್ರಾಂ ಕೋಶ ಬೆಳೆಸುವ ದ್ರವ, ಅಂದರೆ ಮೀಡಿಯಾ, ಒಂದು ಲೀಟರಿಗೆ ಸಾಕು. ಕೋಶಗಳ ಪ್ರಯೋಗ ಮಾತ್ರ ಇದ್ದರೆ ಕೊಂಡುಬಿಡಿ, ಮುಂದೆ ಓದುವ ಅಗತ್ಯವೂ ಇಲ್ಲ. ನನಗೆ ಸೊಪ್ಪಿನ ಯಾವ ಅಂಶ ನೇರವಾಗಿ ಟಿಎನ್‌ಎಫ್‌ಗೆ ಅಂಟಿಕೊಳ್ಳುತ್ತದೆ ಅಂತಲೂ ನೋಡಬೇಕಿತ್ತು. ಅದಕ್ಕೆ ಮಿಲಿಗ್ರಾಂಗಟ್ಟಲೆ ಬೇಕು. ಅಷ್ಟು ಕೊಳ್ಳಲು ನನ್ನ ಫೆಲೋಶಿಪ್ಪಿನ ಕಂಟಿಂಜೆನ್ಸಿ ಹಣ ಏಳು ಜನ್ಮಕ್ಕೂ ಸಾಲದು. 'ಮಾಡಿಬಿಡೋಣ' ಅಂದರು ನನ್ನ ಗೈಡ್.

ಕೊಳ್ಳುವವರಿಗೆ ಇನ್ನೊಂದು ಮಾತು. ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಡ್ರೈ ಐಸ್ ಪಾರ್ಸೆಲ್ ಅಂದರೆ ಡೀಲರ್ ಮೈಸೂರಿನಲ್ಲೇ ಕೈ ಎತ್ತುತ್ತಾರೆ. ಆದರೆ ಒಣಪುಡಿ ಮಾಡಿದ ಪ್ರೋಟೀನ್ ಹೆಚ್ಚಿನವು ಡ್ರೈ ಐಸ್ ಇಲ್ಲದೆಯೂ ಪ್ರಯಾಣ ತಡೆದುಕೊಳ್ಳುತ್ತವೆ. ಡೇಟಾ ಶೀಟ್ ತರಿಸಿಕೊಂಡು ಓದಿ, ಆಮೇಲೆ ಜಗಳ ಮಾಡಿ. ಟ್ಯೂಬ್ ತೆರೆಯುವ ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡುವುದನ್ನು, ಅಂದರೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸುವುದನ್ನು, ಮರೆಯಬೇಡಿ. ಪುಡಿ ಮುಚ್ಚಳದ ಒಳಗೆ ಅಂಟಿಕೊಂಡಿರುತ್ತದೆ.

ಮಾಡುವುದು ಅಂತ ತೀರ್ಮಾನವಾದ ಮೇಲೆ ಕಾಗದದ ಸರಣಿ ಶುರುವಾಯಿತು. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಜೀನ್ ಜೋಡಿಸುವ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ, ಅಂದರೆ ಎಲ್ಲರೂ ಹೇಳುವ ಐಬಿಎಸ್‌ಸಿ ಇರಬೇಕು. ಅದರಲ್ಲಿ ಸಂಸ್ಥೆಯವರ ಜೊತೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೇಮಿಸಿದ ಒಬ್ಬ ಸದಸ್ಯರೂ ಕೂರುತ್ತಾರೆ. ನಮ್ಮಲ್ಲಿ ಸಮಿತಿ ಇತ್ತು, ಆದರೆ ಅದರ ಅವಧಿ ಯಾವಾಗಲೋ ಮುಗಿದಿತ್ತು. ಹಳೇ ಸದಸ್ಯರಲ್ಲಿ ಒಬ್ಬರು ನಿವೃತ್ತರಾಗಿ ಊರು ಬಿಟ್ಟಿದ್ದರು. ಹೊಸ ಹೆಸರು ಹುಡುಕಿ, ಒಪ್ಪಿಗೆ ಪತ್ರ ತರಿಸಿ, ಬಯೋಡೇಟಾ ಸೇರಿಸಿ, ಪೋರ್ಟಲ್‌ನಲ್ಲಿ ಹಾಕುವಷ್ಟರಲ್ಲಿ ಕಾಫಿ ಹೂ ಬಿಟ್ಟು ಉದುರಿಹೋಗಿತ್ತು. ಇದನ್ನು ಓದುತ್ತಿರುವವರು ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಇದೇ. ನಿಮ್ಮ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ ಅಂತ ಆಫೀಸಿನಲ್ಲಿ ಕೇಳಿ.

ಸಮಿತಿಯ ಅರ್ಜಿ ಕಷ್ಟದ್ದಲ್ಲ. ಯಾವ ಜೀನ್, ಎಲ್ಲಿಂದ ಬರುತ್ತದೆ, ಯಾವ ಬ್ಯಾಕ್ಟೀರಿಯಾ, ಎಷ್ಟು ಲೀಟರ್ ಬೆಳೆಸುತ್ತೀರಿ, ಉಳಿದದ್ದನ್ನು ಹೇಗೆ ಕೊಲ್ಲುತ್ತೀರಿ ಅಂತ ಕೇಳುತ್ತಾರೆ. ಬಳಸುವ ಇ. ಕೋಲಿ ರೋಗ ತರದ ಲ್ಯಾಬ್ ತಳಿ, ಕಲ್ಚರ್ ಎಲ್ಲವನ್ನೂ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿಯೇ ಚೆಲ್ಲುವುದು ಅಂತ ಸ್ಪಷ್ಟವಾಗಿ ಬರೆಯಿರಿ. ಟಿಎನ್‌ಎಫ್ ಅತಿ ಸ್ವಲ್ಪದರಲ್ಲೇ ದೇಹದ ಮೇಲೆ ಪರಿಣಾಮ ಮಾಡುವ ವಸ್ತು. ಆದ್ದರಿಂದ ಪುಡಿ ಗಾಳಿಗೆ ಹಾರದಂತೆ, ಸೂಜಿ ಚುಚ್ಚಿಕೊಳ್ಳದಂತೆ ಏನು ಎಚ್ಚರ ವಹಿಸುತ್ತೀರಿ ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆ.

ಯಾರೂ ಎಣಿಸದ ಅಡ್ಡಿ ಬಂದದ್ದು ಸಮಿತಿಯಿಂದಲ್ಲ, ಆಫೀಸಿನಿಂದ. ಖರೀದಿ ಕಡತದ ಶೀರ್ಷಿಕೆಯಲ್ಲಿ 'ಮಾನವ ಪ್ರೋಟೀನ್' ಅಂತಿತ್ತು. ಕಡತ ಹೋದ ವೇಗದಲ್ಲೇ ವಾಪಸ್ ಬಂತು.

'ಮನುಷ್ಯರದ್ದು ಅಂತ ಬರ್ದಿದ್ದೀರಲ್ಲ ಮೇಡಂ, ರಕ್ತ ಯಾರ್ದು ತಗೋತೀರಿ? ಎಥಿಕ್ಸ್ ಕಮಿಟಿ ಲೆಟರ್ ಎಲ್ಲಿ? ಆಡಿಟ್‌ನವರು ಬಂದ್ರೆ ನಾನು ಏನ್ ಹೇಳ್ಲಿ?'

'ಯಾರ ರಕ್ತವೂ ಬೇಡ ಸರ್. ಜೀನನ್ನ ಕಂಪನಿಯವರು ಮೆಷಿನ್ನಲ್ಲಿ ಅಕ್ಷರ ಅಕ್ಷರ ಜೋಡಿಸಿ ಕೊಡ್ತಾರೆ.'

'ಮತ್ತೆ ಮನುಷ್ಯರದ್ದು ಅಂತ ಯಾಕೆ ಬರೆದ್ರಿ?'

ಆಫೀಸಿನವರನ್ನು ಬೈಯುವ ಹಾಗಿಲ್ಲ. ಕೊನೆಗೆ ಅವರಿಗೆ ಅರ್ಥವಾದದ್ದು ಇನ್ಸುಲಿನ್ ಉದಾಹರಣೆಯಿಂದ. ಅವರ ತಾಯಿ ದಿನಾ ಚುಚ್ಚಿಕೊಳ್ಳುವ ಮಾನವ ಇನ್ಸುಲಿನ್ ಸಹ ಯಾವ ಮನುಷ್ಯನಿಂದಲೂ ತೆಗೆದದ್ದಲ್ಲ. 1978ರಲ್ಲಿ ಇ. ಕೋಲಿಯಲ್ಲಿ ಮೊದಲ ಸಲ ತಯಾರಾಗಿ, 1982ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆದ ದಾರಿಯೇ ಅದು ಅಂತ ಹೇಳಿದೆ. ಹಾಗಾದರೆ ನೀವು ಮಾಡುವುದನ್ನೂ ಚುಚ್ಚಿಕೊಳ್ಳಬಹುದಾ ಅಂದರು. ಖಂಡಿತಾ ಇಲ್ಲ, ಇದು ಲ್ಯಾಬಿಗೆ ಮಾತ್ರ, ಔಷಧದ ಶುದ್ಧತೆ ಬೇರೆಯೇ ಲೋಕ ಅಂತ ಅದನ್ನೂ ಲಿಖಿತವಾಗಿ ಕೊಟ್ಟೆ. ನೀವು ಈ ಕಾಟ ಪಡಬೇಡಿ. ಜೀನ್ ರಾಸಾಯನಿಕವಾಗಿ ಸಂಶ್ಲೇಷಿಸಿದ್ದು, ಯಾವ ವ್ಯಕ್ತಿಯಿಂದಲೂ ಮಾದರಿ ಪಡೆಯುತ್ತಿಲ್ಲ, ಉತ್ಪನ್ನ ಸಂಶೋಧನೆಗೆ ಮಾತ್ರ ಅಂತ ಗೈಡ್ ಸಹಿಯಿರುವ ಒಂದು ಪುಟವನ್ನು ಕಡತದ ಮೊದಲ ದಿನವೇ ಲಗತ್ತಿಸಿ.

ಜೀನ್ ಆರ್ಡರ್ ಮಾಡುವಾಗ ಇಡೀ ಅನುಕ್ರಮ ಕೊಡಬೇಡಿ. ಯೂನಿಪ್ರಾಟ್ ಅನ್ನುವ ಪ್ರೋಟೀನ್ ಮಾಹಿತಿಯ ಜಾಲತಾಣದಲ್ಲಿ ಪಿ01375 ಅಂತ ಹುಡುಕಿದರೆ 233 ಅಮೈನೋ ಆಮ್ಲಗಳ ಪೂರ್ತಿ ಟಿಎನ್‌ಎಫ್ ಸಿಗುತ್ತದೆ. ಅದರ ಮೊದಲ ಭಾಗ ಕೋಶದ ಪೊರೆಗೆ ಸಿಕ್ಕಿಕೊಂಡಿರುವ ಬುಡ. ಕತ್ತರಿಸಿಕೊಂಡು ಹೊರಬಂದು ಓಡಾಡುವ ಭಾಗ 77ರಿಂದ 233ರ ತನಕ, 157 ಅಮೈನೋ ಆಮ್ಲಗಳು. ನಮಗೆ ಬೇಕಾದದ್ದು ಅಷ್ಟೇ. ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಡಿಎನ್‌ಎ ಪದವೇ ಕೋಡಾನ್. ಇ. ಕೋಲಿಗೆ ಒಗ್ಗುವ ಕೋಡಾನ್‌ಗಳಿಗೆ ಬದಲಾಯಿಸಿ ಕೊಡಿ ಅಂತಲೂ ಕೇಳಿ. ನಮ್ಮ ಜೀನಿನಲ್ಲಿ ಆರ್ಜಿನೀನ್‌ಗೆ ಬರುವ ಎಜಿಎ, ಎಜಿಜಿ ಕೋಡಾನ್‌ಗಳು ಆ ಬ್ಯಾಕ್ಟೀರಿಯಾಕ್ಕೆ ಅಪರೂಪ. ಅಲ್ಲಿ ಅದು ತಡವರಿಸುತ್ತದೆ. ಜೀನನ್ನು ಬ್ಯಾಕ್ಟೀರಿಯಾದೊಳಗೆ ಹೊತ್ತೊಯ್ಯುವ ಡಿಎನ್‌ಎ ಉಂಗುರವಾದ ಪಿಇಟಿ-28ಎ ವೆಕ್ಟರ್‌ನಲ್ಲಿ ಕೂರಿಸಿ, ಆರು ಹಿಸ್ಟಿಡೀನ್‌ಗಳ ಬಾಲವನ್ನು ಎನ್ ತುದಿಗೆ, ಅಂದರೆ ಪ್ರೋಟೀನ್ ಶುರುವಾಗುವ ಕಡೆ, ಹಾಕಿಸಿದೆವು. ಎಲ್ಲಾ ಸೇರಿ ಹತ್ತು ಸಾವಿರದ ಆಸುಪಾಸು. ಇಡೀ ಕೆಲಸದಲ್ಲಿ ಅಗ್ಗವಾದದ್ದು ಅದೇ. ಡಿಎನ್‌ಎ ಒಣಗಿಸಿದ ರೂಪದಲ್ಲಿ ಬರುವುದರಿಂದ ಐಸ್ ಬೇಡ. ಸಾದಾ ಕೊರಿಯರ್ ಕವರಿನಲ್ಲಿ, ಮಳೆಗೆ ಅರ್ಧ ನೆನೆದು ಬಂತು. ಒಳಗಿನ ಟ್ಯೂಬಿಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಡಿಎನ್‌ಎಯನ್ನು ಬ್ಯಾಕ್ಟೀರಿಯಾದೊಳಗೆ ಹೊಗಿಸಲು ಎರಡನ್ನೂ ಸೇರಿಸಿ ಐಸಿನಲ್ಲಿಟ್ಟು, ಮುಕ್ಕಾಲು ನಿಮಿಷ 42 ಡಿಗ್ರಿಗೆ ಅದ್ದಿ, ಮತ್ತೆ ಐಸಿಗೆ ಹಾಕಬೇಕು. ಐಸ್ ಎಲ್ಲಿಂದ ತರುವುದು? ನಮ್ಮ ಅಟೆಂಡರ್ ಅಣ್ಣ ದಾರಿ ತೋರಿಸಿದರು. ಮಂಗಳೂರಿನಿಂದ ಮೀನು ತರಿಸುವ ಅಂಗಡಿ ಕಾಕನ ಹತ್ತಿರ ಹೋಗಿ ಥರ್ಮೋಕೋಲ್ ಪೆಟ್ಟಿಗೆ ತುಂಬ ಪುಡಿ ಐಸ್ ತಂದೆವು. 'ಎಂಥ ಮೀನು ಇಡ್ತೀರಿ ಇದ್ರಲ್ಲಿ?' ಅಂತ ಕಾಕ ಕೇಳಿದರು. ಕಣ್ಣಿಗೆ ಕಾಣದ ಮೀನು ಅಂದೆ, ನಕ್ಕು ಇನ್ನೊಂದು ಸಲಿಕೆ ಸುರಿದರು. ಲ್ಯಾಬಿನಲ್ಲಿ ಇಡೀ ದಿನ ಬಂಗುಡೆ ವಾಸನೆ. ಟ್ಯೂಬ್‌ಗಳ ಮುಚ್ಚಳ ಮೇಲೆ ಪ್ಯಾರಾಫಿಲ್ಮ್ ಸುತ್ತಿ, ತೆರೆಯುವ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿದರೆ ಯಾವ ತೊಂದರೆಯೂ ಇಲ್ಲ. ಮರುದಿನ ಬೆಳಿಗ್ಗೆ ಜೀನ್ ಹೊಕ್ಕ ಬ್ಯಾಕ್ಟೀರಿಯಾ ಮಾತ್ರ ಬದುಕುವ ಕ್ಯಾನಮೈಸಿನ್ ಪ್ಲೇಟಿನ ಮೇಲೆ ಸಾಬಕ್ಕಿಯಷ್ಟು ಬೆಳ್ಳನೆಯ ಕಾಲೊನಿಗಳು ಎದ್ದಿದ್ದವು.

ನಾವು ಬಳಸಿದ್ದು ಬಿಎಲ್21(ಡಿಇ3) ತಳಿ. ಪ್ರೋಟೀನ್ ಕಡಿದುಹಾಕುವ ಲಾನ್, ಓಎಂಪಿಟಿ ಅನ್ನುವ ಎರಡು ಕಿಣ್ವಗಳು ಅದರಲ್ಲಿ ಇಲ್ಲ. ಕಲ್ಚರ್ ಎಷ್ಟು ಕದಡಿದೆ ಅನ್ನುವ ಅಳತೆ, ಅಂದರೆ ಓಡಿ, 0.6 ಆಗುವ ತನಕ ಬ್ಯಾಕ್ಟೀರಿಯಾ ಬೆಳೆದ ಮೇಲೆ ಐಪಿಟಿಜಿ ಅನ್ನುವ ರಾಸಾಯನಿಕ ಹಾಕಿದರೆ ಜೀನ್ ಚಾಲೂ ಆಗುತ್ತದೆ. 37 ಡಿಗ್ರಿಯಲ್ಲಿ ಬಿಟ್ಟರೆ ಪ್ರೋಟೀನ್ ಬಹಳ ಬೇಗ, ಬಹಳ ಹೆಚ್ಚು ತಯಾರಾಗಿ, ಸರಿಯಾಗಿ ಮಡಚಿಕೊಳ್ಳಲು ಪುರಸೊತ್ತಿಲ್ಲದೆ ಗಂಟು ಕಟ್ಟಿ ತಳ ಸೇರುವುದುಂಟು. ಇನ್‌ಕ್ಲೂಷನ್ ಬಾಡಿ ಅನ್ನುವುದು ಅದಕ್ಕೇ. ತಾಪ ಇಳಿಸಿ ರಾತ್ರಿಯಿಡೀ ನಿಧಾನ ಬೆಳೆಸುವುದು ಪರಿಹಾರ. ಅದಕ್ಕೆ ಕಲ್ಚರನ್ನು ಅಲುಗಾಡಿಸುತ್ತಲೇ ತಂಪು ಮಾಡುವ ಶೇಕರ್ ಬೇಕು, ಲಕ್ಷಗಟ್ಟಲೆ ಬೆಲೆ. ನಮ್ಮ ಹತ್ತಿರ ಬಿಸಿ ಮಾಡುವ ಶೇಕರ್ ಮಾತ್ರ ಇದ್ದದ್ದು.

ಇಲ್ಲಿ ಮಡಿಕೇರಿ ನಮ್ಮ ಕೈ ಹಿಡಿಯಿತು. ಜುಲೈ ರಾತ್ರಿ ಲ್ಯಾಬಿನ ಥರ್ಮಾಮೀಟರ್ 19 ತೋರಿಸುತ್ತಿತ್ತು. ಹೀಟರ್ ಆಫ್ ಮಾಡಿ, ಕಿಟಕಿ ತೆರೆದು, ಶೇಕರನ್ನು ಸುಮ್ಮನೆ ತಿರುಗಲು ಬಿಟ್ಟೆವು. ಬೆಳಿಗ್ಗೆ ಬ್ಯಾಕ್ಟೀರಿಯಾ ಒಡೆದು ನೋಡಿದರೆ ಬಹುಪಾಲು ಟಿಎನ್‌ಎಫ್ ದ್ರವದಲ್ಲೇ ಕರಗಿತ್ತು. ಬೆಂಗಳೂರಿನ ಗೆಳತಿ ಇದನ್ನು ಕೇಳಿ ಹೊಟ್ಟೆ ಉರಿದುಕೊಂಡಳು.

ಕರೆಂಟ್ ಮಾತ್ರ ಕೈ ಕೊಡುತ್ತಲೇ ಇತ್ತು. ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ನಮ್ಮ ಏರಿಯಾ ಕತ್ತಲು. ಶೇಕರ್ ನಿಂತರೆ ಬ್ಯಾಕ್ಟೀರಿಯಾಕ್ಕೆ ಗಾಳಿ ಇಲ್ಲ. ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ಅಂತ ನಿಜವಾದ ಲೋಡ್ ಹಾಕಿ ಮೊದಲೇ ಪರೀಕ್ಷಿಸಿ, ಜನರೇಟರಿನ ಡೀಸೆಲ್ ಖರ್ಚು ಯಾರ ತಲೆಗೆ ಅಂತ ಮುಂಚೆಯೇ ಮಾತಾಡಿ. ನಮ್ಮಲ್ಲಿ ಡೀಸೆಲ್ ನನ್ನ ತಲೆಗೇ ಬಂತು. ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜ್ ಮಾಡಿ ಉಂಡೆ ಮಾಡಿಟ್ಟರೆ ಮೈನಸ್ 20ರಲ್ಲಿ ಕೆಲವು ದಿನ ಧೈರ್ಯವಾಗಿ ಇಡಬಹುದು. ಮಳೆ ಜೋರಿರುವ ವಾರ ಅಲ್ಲಿಗೇ ನಿಲ್ಲಿಸಿ, ಮುಂದಿನ ಹೆಜ್ಜೆಗೆ ಹೋಗಬೇಡಿ.

ಶುದ್ಧೀಕರಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲಾ ಪುಸ್ತಕದಲ್ಲೂ ಇದೆ. ಹಿಸ್ಟಿಡೀನ್ ಬಾಲ ನಿಕಲ್ ಮಣಿಗಳಿಗೆ ಅಂಟುತ್ತದೆ, ಇಮಿಡಜೋಲ್ ಹಾಕಿದರೆ ಬಿಡುತ್ತದೆ. ಬಳಸುವ ದ್ರಾವಣದಲ್ಲಿ, ಅಂದರೆ ಬಫರ್‌ನಲ್ಲಿ, ಇಡಿಟಿಎ ಅನ್ನುವ ರಾಸಾಯನಿಕ ಇರಬಾರದು, ಅದು ನಿಕಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ಟಿಎನ್‌ಎಫ್‌ನ ತೂಕವಾದ 17 ಕಿಲೋಡಾಲ್ಟನ್ ಹತ್ತಿರ ಹುಡುಕುತ್ತಾ ಗಾಬರಿಯಾಗಬೇಡಿ. ಬಾಲ ಸೇರಿ 19-20ರ ಹತ್ತಿರ ಕಾಣಿಸುತ್ತದೆ. ನೀಲಿ ಬಣ್ಣ ತೊಳೆದು ತೊಳೆದು ಜೆಲ್ ತಿಳಿಯಾದಾಗ ಆ ಒಂದೇ ಒಂದು ದಪ್ಪ ಗೆರೆ ಉಳಿಯಿತು. ಅಟೆಂಡರ್ ಅಣ್ಣನನ್ನು ಕರೆದು ತೋರಿಸಿದೆ. 'ಇಷ್ಟಕ್ಕಾ ಮೇಡಂ ಇಷ್ಟು ದಿನ?' ಅಂದರು.

ಎಲ್929 ಅನ್ನುವ ಇಲಿಯ ಕೋಶಗಳನ್ನು ಆಕ್ಟಿನೋಮೈಸಿನ್ ಡಿ ಅನ್ನುವ ಔಷಧದ ಜೊತೆ ಟಿಎನ್‌ಎಫ್ ಕೊಲ್ಲುತ್ತದೆ. ಅದು ಕೆಲಸ ಮಾಡುತ್ತಿದೆಯೇ ಅಂತ ನೋಡುವ ಹಳೆಯ ಪರೀಕ್ಷೆ ಇದು. ಈ ಕೋಶಗಳು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತವೆ. ನಮ್ಮಲ್ಲಿ ಕೋಶ ಬೆಳೆಸುವ ಸೌಲಭ್ಯ ಇಲ್ಲದ್ದರಿಂದ ಮೈಸೂರಿನ ಪರಿಚಯದ ಲ್ಯಾಬಿಗೆ ಬಸ್ಸಿನಲ್ಲಿ ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಹೋದೆ. ಕೋಶಗಳು ಲಕ್ಷಣವಾಗಿ ಸತ್ತವು. ಊರಿಗೆ ಫೋನ್ ಮಾಡಿ ಮುಗೀತು ಅಂದೆ.

ಮುಗಿದಿರಲಿಲ್ಲ. ನಿಜವಾದ ಪ್ರಯೋಗ ಮಾಡಬೇಕಿದ್ದದ್ದು ಟಿಎಚ್‌ಪಿ-1 ಅನ್ನುವ ಮನುಷ್ಯನ ರಕ್ಷಣಾ ಕೋಶಗಳ ಮೇಲೆ. ಟಿಎನ್‌ಎಫ್ ತಾಗಿದರೆ ಅವು ಐಎಲ್-8 ಅನ್ನುವ ಉರಿಯೂತದ ಸಂಕೇತ ಪ್ರೋಟೀನ್ ಬಿಡುತ್ತವೆ. ಬಿಟ್ಟವು. ಮೈಸೂರಿನ ಆ ಲ್ಯಾಬಿನ ಮೇಡಂ ಮಾತ್ರ 'ಒಂದು ಪಾಲನ್ನ ಕುದಿಸಿ ಹಾಕಮ್ಮ' ಅಂದರು. ಕುದಿಸಿದರೆ ಟಿಎನ್‌ಎಫ್ ಕೆಟ್ಟುಹೋಗುತ್ತದೆ, ಕೋಶಗಳು ಸುಮ್ಮನಿರಬೇಕು. ಪ್ಲೇಟ್ ರೀಡರಿನಲ್ಲಿ ಅಂಕಿ ಬಂದಾಗ ಕುದಿಸಿದ್ದಕ್ಕೂ ಕುದಿಸದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಕೋಶಗಳನ್ನು ಕೆರಳಿಸುತ್ತಿದ್ದದ್ದು ನಮ್ಮ ಪ್ರೋಟೀನ್ ಮಾತ್ರ ಅಲ್ಲ, ಅದರ ಜೊತೆ ಬಂದ ಎಂಡೋಟಾಕ್ಸಿನ್. ಇ. ಕೋಲಿಯ ಹೊರಪೊರೆಯ ಎಲ್‌ಪಿಎಸ್ ಅನ್ನುವ ಈ ವಸ್ತು ಕುದಿಸಿದರೆ ಸಾಯುವುದಿಲ್ಲ, ಜೆಲ್ಲಿನ ನೀಲಿ ಬಣ್ಣಕ್ಕೆ ಸಿಕ್ಕುವುದಿಲ್ಲ. ಎಲ್929 ಪರೀಕ್ಷೆಯೂ ಅದನ್ನು ಹಿಡಿಯಲಿಲ್ಲ. ವಾಪಸ್ ಬರುವಾಗ ಕುಶಾಲನಗರ ದಾಟುವ ತನಕ ಯಾರ ಫೋನನ್ನೂ ಎತ್ತಲಿಲ್ಲ.

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ ಅಂತ ನನ್ನ ಅಂದಾಜು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಡೋಟಾಕ್ಸಿನ್ ಅಳೆಯುವುದು ಎಲ್‌ಎಎಲ್ ಕಿಟ್‌ನಿಂದ. ಹಾರ್ಸ್‌ಶೂ ಏಡಿ ಅನ್ನುವ ಕಡಲ ಜೀವಿಯ ರಕ್ತಕಣಗಳಿಂದ ಮಾಡುವ ಪರೀಕ್ಷೆ ಅದು. ನಮ್ಮ ಖರ್ಚಿನ ಪಟ್ಟಿಯಲ್ಲಿ ಅತಿ ದೊಡ್ಡ ಅಂಕಿಯೂ ಅದೇ, ಜೀನಿನ ಬೆಲೆಯ ಹಲವು ಪಟ್ಟು. ಪಕ್ಕದ ಲ್ಯಾಬಿನವರ ಜೊತೆ ಹಂಚಿಕೊಂಡು ತರಿಸಿ. ನಮ್ಮ ಮೊದಲ ಬ್ಯಾಚಿನಲ್ಲಿ ಮೈಕ್ರೋಗ್ರಾಂ ಪ್ರೋಟೀನಿಗೆ ನೂರಾರು ಎಂಡೋಟಾಕ್ಸಿನ್ ಯೂನಿಟ್ ಬಂತು. ಮಾರುವ ಕಂಪನಿಗಳು ಸಾಮಾನ್ಯವಾಗಿ ಮೈಕ್ರೋಗ್ರಾಮಿಗೆ ಒಂದು ಯೂನಿಟ್‌ಗಿಂತ ಕಡಿಮೆ ಅಂತ ಖಾತ್ರಿ ಕೊಡುತ್ತವೆ. ಐದಂಕಿ ಬೆಲೆ ಯಾಕೆ ಅಂತ ಆಗ ಅರ್ಥವಾಯಿತು.

ತೆಗೆಯಲು ನಾವು ಹಿಡಿದ ದಾರಿ ಟ್ರೈಟಾನ್ ಎಕ್ಸ್-114. ಪ್ರೋಟೀನ್ ನಿಕಲ್ ಮಣಿಗಳಿಗೆ ಅಂಟಿಕೊಂಡಿರುವಾಗಲೇ ಈ ಸೋಪಿನ ತೆಳು ದ್ರಾವಣವನ್ನು ತಣ್ಣಗೆ, ನಿಧಾನವಾಗಿ, ಧಾರಾಳವಾಗಿ ಹಾಯಿಸುವುದು. ಆಮೇಲೆ ಸೋಪೇ ಹೋಗುವ ತನಕ ಬರೀ ಬಫರ್ ಹಾಯಿಸುವುದು. ಸೋಪು ಉಳಿದರೆ ಕೋಶಗಳು ಅದಕ್ಕೇ ಸಾಯುತ್ತವೆ. ಇನ್ನೊಂದು ವಿಧಾನದಲ್ಲಿ ಪ್ರೋಟೀನಿನ ದ್ರಾವಣಕ್ಕೇ ಇದನ್ನು ಬೆರೆಸಿ ಬೆಚ್ಚಗೆ ಮಾಡುತ್ತಾರೆ. ಸುಮಾರು 22 ಡಿಗ್ರಿ ದಾಟಿದರೆ ಸೋಪು ಎಂಡೋಟಾಕ್ಸಿನ್ ಸಮೇತ ಬೇರ್ಪಟ್ಟು ಕೆಳಗೆ ಇಳಿಯುತ್ತದೆ. ಪ್ರೊಟೊಕಾಲ್‌ನಲ್ಲಿ 'ರೂಮಿನ ತಾಪದಲ್ಲಿ ಇಡಿ' ಅಂತಿದ್ದರೆ ಅದು ಮಡಿಕೇರಿಯ ರೂಮಲ್ಲ. ನಮ್ಮ ರೂಮಿನಲ್ಲಿ ಅದು ಸಂಜೆಯವರೆಗೂ ಬೇರ್ಪಡದೆ ಹಾಗೇ ಕೂತಿರುತ್ತದೆ. 37 ಡಿಗ್ರಿಯ ವಾಟರ್ ಬಾತ್ ಬೇಕು.

ಗಾಜಿನ ಸಾಮಾನಿನ ವಿಷಯದಲ್ಲಿ ಆಟೋಕ್ಲೇವ್ ನಂಬಬೇಡಿ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಸಾಮಾನ್ಯ ಹಾಟ್ ಏರ್ ಓವನ್ ಅಷ್ಟು ಏರುತ್ತದೆಯೇ ನೋಡಿಕೊಳ್ಳಿ. ಸಾಧ್ಯವಾಗದಿದ್ದರೆ ಪೈರೋಜನ್ (ಎಂಡೋಟಾಕ್ಸಿನ್‌ನಂಥ ಜ್ವರ ತರುವ ವಸ್ತು) ಇಲ್ಲದ್ದು ಅಂತ ಬರೆದ ಪ್ಲಾಸ್ಟಿಕ್ ಕೊಳ್ಳಿ. ಬಫರ್‌ಗಳಿಗೂ ಅಂಥದ್ದೇ ನೀರು. ಮೊದಲಿಂದಲೇ ಎಲ್‌ಪಿಎಸ್ ಬದಲಾಯಿಸಿದ ಕ್ಲಿಯರ್‌ಕೋಲಿ ತಳಿಯಲ್ಲಿ ಬೆಳೆಸುವ ದಾರಿಯೂ ಇದೆ. ಬೆಳವಣಿಗೆ ನಿಧಾನ, ತಳಿಯ ಬೆಲೆ ಹೆಚ್ಚು. ರಕ್ಷಣಾ ಕೋಶಗಳ ಮೇಲೆಯೇ ಕೆಲಸ ಮಾಡುವವರು ಒಮ್ಮೆ ಯೋಚಿಸಬಹುದು.

ತೊಳೆದ ಬ್ಯಾಚ್ ಮೈಕ್ರೋಗ್ರಾಮಿಗೆ ಒಂದು ಯೂನಿಟ್‌ನ ಒಳಗೆ ಬಂತು. ಹತ್ತು ನ್ಯಾನೋಗ್ರಾಂ ಲೆಕ್ಕದಲ್ಲಿ ಹಾಕಿದರೆ ಕೋಶಗಳಿಗೆ ಎಂಎಲ್‌ಗೆ ತಲುಪುವ ಎಂಡೋಟಾಕ್ಸಿನ್ ಯೂನಿಟ್ಟಿನ ನೂರನೇ ಒಂದು ಪಾಲೂ ಆಗುವುದಿಲ್ಲ. ಈ ಸಲ ಕುದಿಸಿದ ಪಾಲಿಗೆ ಟಿಎಚ್‌ಪಿ-1 ತಣ್ಣಗಿತ್ತು, ಕುದಿಸದ್ದಕ್ಕೆ ಐಎಲ್-8 ಎದ್ದಿತು. ಮೈಸೂರಿನ ಮೇಡಂ ಅಂಕಿ ನೋಡಿ 'ಈಗ ಸರಿ' ಅಂತಷ್ಟೇ ಅಂದು ತಮ್ಮ ಕೆಲಸಕ್ಕೆ ಹೋದರು. ತೊಳೆಯುವಾಗ ಒಂದಷ್ಟು ಪ್ರೋಟೀನ್ ಕಳೆದುಹೋಗುತ್ತದೆ, ಅದಕ್ಕೆ ಮೊದಲೇ ದೊಡ್ಡ ಕಲ್ಚರ್ ಹಾಕಿ.

ಈಗ ಅದು ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ, ಒಂದು ಪ್ರಯೋಗಕ್ಕೆ ಒಂದರಂತೆ ಹಂಚಿಹೋಗಿದೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಪ್ರತಿ ಸಲವೂ ಒಂದಷ್ಟು ಕೆಡುತ್ತದೆ. ಹೆಚ್ಚಿನ ಟ್ಯೂಬ್‌ಗಳನ್ನು ಮೈಸೂರಿನ ಮೈನಸ್ 80ರಲ್ಲಿ ಇಟ್ಟಿದ್ದೇನೆ, ಮಡಿಕೇರಿಯಲ್ಲಿ ತಿಂಗಳ ಬಳಕೆಗಷ್ಟೇ. ಟ್ಯೂಬಿನ ಮೇಲೆ ಬ್ಯಾಚ್ ನಂಬರ್, ದಿನಾಂಕದ ಜೊತೆ ಎಂಡೋಟಾಕ್ಸಿನ್ ಅಂಕಿಯನ್ನೂ ಬರೆದಿದ್ದೇನೆ. ಐಬಿಎಸ್‌ಸಿಗೆ ಪ್ರತಿ ವರ್ಷ ವರದಿ ಕೊಡಬೇಕಾಗಿರುವುದರಿಂದ ಎಷ್ಟು ಲೀಟರ್ ಬೆಳೆಸಿದೆವು, ಯಾವಾಗ ಆಟೋಕ್ಲೇವ್ ಮಾಡಿ ಚೆಲ್ಲಿದೆವು ಅನ್ನುವ ಪುಸ್ತಕವೂ ಪಕ್ಕದಲ್ಲೇ ಇದೆ. ಅದನ್ನು ಅಂದಂದೇ ಬರೆಯಿರಿ, ಮಾರ್ಚಿನಲ್ಲಿ ಕೂತು ನೆನಪು ಮಾಡಿಕೊಳ್ಳಲು ಆಗುವುದಿಲ್ಲ.